ಆಸ್ಟ್ರೇಲಿಯದ ನೇಟಿವ್ ಡೈಸಿ: ನಾಟಿಯಿಂದ ಒಣಹೂವಿನ ತನಕ

ಆಸ್ಟ್ರೇಲಿಯದಲ್ಲಿ ಮನೆ ಮಾಡಿದವರು ಹಿತ್ತಿಲಿಗೆ ಮೊದಮೊದಲು ತರುವ ಗಿಡಗಳಲ್ಲಿ ನೇಟಿವ್ ಡೈಸಿಯೂ ಒಂದು, ಅಂದರೆ ಆ ನೆಲದ್ದೇ ಆದ, ಸೇವಂತಿಗೆ ಕುಟುಂಬದ ಹೂಗಿಡ. ಕೆಲವೇ ಡಾಲರಿಗೆ ಸಿಗುತ್ತದೆ, ತಂದ ದಿನವೇ ಹೂ ಇರುತ್ತದೆ. ಎರಡನೇ ವರ್ಷಕ್ಕೆ ನಡುವೆ ಬೋಳಾಗಿ ಸುತ್ತ ಒಣಕಡ್ಡಿ ಉಳಿಯುತ್ತದೆ. ಆಗ ಬರುವ ಮಾತು: "ನೇಟಿವ್ ಗಿಡ, ಆರೈಕೆ ಬೇಡ ಅಂದಿದ್ದರಲ್ಲ!" ಈ ನಂಬಿಕೆಯೇ ಗಿಡ ಸಾಯಲು ಮುಖ್ಯ ಕಾರಣ. ಬಯಲಲ್ಲಿ ಈ ಗಿಡಗಳಲ್ಲಿ ಬಹುಪಾಲಿನ ಆಯುಸ್ಸು ಕೆಲವೇ ವರ್ಷ. ಹಳೆಯದು ಸಾಯುತ್ತದೆ, ಉದುರಿದ ಬೀಜ ಆ ಜಾಗ ತುಂಬುತ್ತದೆ. ಮನೆಯ ಪಾತಿಯಲ್ಲಿ ಆ ಕೆಲಸ ನಾವೇ ಮಾಡಬೇಕು. ಬಿಸಿಲು, ನೀರು ಬಸಿದುಹೋಗುವ ಮಣ್ಣು, ವರ್ಷಕ್ಕೆರಡು ಸಲ ಕತ್ತರಿ, ಎರಡು ಮೂರು ವರ್ಷಕ್ಕೊಮ್ಮೆ ಹೊಸ ಸಸಿ. ಇಷ್ಟು ಒದಗಿಸಿದರೆ ಇಷ್ಟು ಧಾರಾಳವಾಗಿ ಹೂ ಬಿಡುವ ಗಿಡಗಳು ಕಡಿಮೆ.

ಇಲ್ಲಿ ಹೇಳುವ ತಿಂಗಳುಗಳೆಲ್ಲ ಆಸ್ಟ್ರೇಲಿಯದವು: ಮಾರ್ಚ್‌ನಿಂದ ಮೇ ಶರತ್ಕಾಲ, ಜೂನ್‌ನಿಂದ ಆಗಸ್ಟ್ ಚಳಿಗಾಲ, ಸೆಪ್ಟೆಂಬರ್‌ನಿಂದ ನವೆಂಬರ್ ವಸಂತ.

ಯಾವುದು ನೇಟಿವ್, ಯಾವುದಲ್ಲ

ಹೆಸರಲ್ಲಿ ಡೈಸಿ ಇದ್ದ ಮಾತ್ರಕ್ಕೆ ಅದು ಆಸ್ಟ್ರೇಲಿಯದ್ದಾಗುವುದಿಲ್ಲ. ರಸ್ತೆ ಬದಿಯಲ್ಲಿ ಕಿತ್ತಳೆ, ಹಳದಿ ಬಣ್ಣದಲ್ಲಿ ಹಬ್ಬಿರುವ ಗಜೇನಿಯಾ ದಕ್ಷಿಣ ಆಫ್ರಿಕಾದ್ದು, ಇಲ್ಲಿ ಕಳೆಯಾಗಿ ಕಾಡುತ್ತಿದೆ. ಗೋಡೆ ಸಂದಿಯಲ್ಲೆಲ್ಲ ಬಿಳಿ-ಗುಲಾಬಿ ಹೂ ಬಿಡುವ ಸೀಸೈಡ್ ಡೈಸಿ, ಅಂದರೆ ಎರಿಜೆರಾನ್, ಮೆಕ್ಸಿಕೊ ಕಡೆಯದು. ಅದಕ್ಕೂ ನೇಟಿವ್ ಡೈಸಿಯಾದ ಬ್ರ್ಯಾಕಿಸ್ಕೋಮ್‌ಗೂ ದೂರದಿಂದ ವ್ಯತ್ಯಾಸ ತಿಳಿಯುವುದಿಲ್ಲ. ಇನ್ನೊಂದು ಕಡೆ, ಡೈಸಿಯಂತೆಯೇ ಕಾಣುವ ನ್ಯೂ ಸೌತ್ ವೇಲ್ಸ್‌ನ ಫ್ಲ್ಯಾನೆಲ್ ಫ್ಲವರ್ ಅಪ್ಪಟ ನೇಟಿವ್ ಹೌದು, ಆದರೆ ಡೈಸಿಯಲ್ಲ, ಕೊತ್ತಂಬರಿ-ಕ್ಯಾರೆಟ್ ಕುಟುಂಬದ್ದು. ಅದರ ಪಾಲನೆಯೇ ಬೇರೆ. ಕೊಳ್ಳುವಾಗ ಚೀಟಿಯಲ್ಲಿರುವ ಸಸ್ಯಶಾಸ್ತ್ರೀಯ ಹೆಸರು ಓದಿ.

ಮನೆಗೆ ಒಗ್ಗುವ ಮುಖ್ಯ ಬಗೆಗಳು ಇವು.

ಬ್ರ್ಯಾಕಿಸ್ಕೋಮ್ ಮಲ್ಟಿಫಿಡಾ, ಕಟ್-ಲೀಫ್ ಡೈಸಿ. ಸೀಳುಸೀಳಾದ ಸಣ್ಣ ಎಲೆ, ನೇರಳೆ ಹೂ. 20ರಿಂದ 30 ಸೆಂ.ಮೀ. ಎತ್ತರ, ಅರ್ಧದಿಂದ ಒಂದು ಮೀಟರ್ ಹರವು. ವಸಂತದಲ್ಲಿ ಹೂ ಹೆಚ್ಚು, ಉಳಿದಂತೆ ವರ್ಷದ ಬಹುಪಾಲು ಇದ್ದೇ ಇರುತ್ತದೆ. ಮೊದಲ ಸಲ ಬೆಳೆಸುವವರು ಇದರಿಂದ ಶುರು ಮಾಡುವುದು ಒಳ್ಳೆಯದು, ತಪ್ಪುಗಳನ್ನು ತಾಳಿಕೊಳ್ಳುತ್ತದೆ.

ಜೆರೋಕ್ರೈಸಮ್ ಬ್ರ್ಯಾಕ್ಟಿಯೇಟಮ್, ಗೋಲ್ಡನ್ ಎವರ್‌ಲಾಸ್ಟಿಂಗ್. ಕಾಗದದಂತೆ ಸರಸರ ಸದ್ದು ಮಾಡುವ ಹೂ. ಕುಂಡಕ್ಕೆ ಒಗ್ಗುವ 20–30 ಸೆಂ.ಮೀ. ಗಿಡ್ಡ ತಳಿಗಳಿಂದ ಹಿಡಿದು ಒಂದು ಮೀಟರ್ ಎತ್ತರದವರೆಗೂ ಇವೆ. ಕ್ವೀನ್ಸ್‌ಲ್ಯಾಂಡ್‌ನ ಕನ್ನಿಂಗ್‌ಹ್ಯಾಮ್ಸ್ ಗ್ಯಾಪ್ ಬಳಿ ಸಿಕ್ಕ 'ಡಾರ್ಗನ್ ಹಿಲ್ ಮೊನಾರ್ಕ್' ಹಳೆಯ, ಹೆಸರಾಂತ ತಳಿ. ಬೂದು ಎಲೆ, ಅಂಗೈಯಗಲದ ಬಂಗಾರದ ಹೂ. ಆಯುಸ್ಸು ಮಾತ್ರ ಎರಡು ಮೂರು ವರ್ಷ.

ರೋಡಾಂತೆ ಕ್ಲೋರೊಸೆಫಲಾ, ಅದರಲ್ಲೂ ರೋಸಿಯಾ ಎಂಬ ಉಪಜಾತಿ. ಪಶ್ಚಿಮ ಆಸ್ಟ್ರೇಲಿಯದ ಮಲೀವಾ ಸುತ್ತಿನ ಬಯಲುಗಳಲ್ಲಿ ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಗುಲಾಬಿ-ಬಿಳಿ ಜಮಖಾನೆ ಹಾಸುವುದು ಇದೇ. ಪರ್ತ್‌ನ ಕಿಂಗ್ಸ್ ಪಾರ್ಕ್‌ನಲ್ಲೂ ಕ್ಯಾನ್‌ಬೆರಾದ ರಾಷ್ಟ್ರೀಯ ಸಸ್ಯೋದ್ಯಾನದಲ್ಲೂ ವಸಂತದಲ್ಲಿ ಪೇಪರ್ ಡೈಸಿಗಳನ್ನು (ಜೆರೋಕ್ರೈಸಮ್, ರೋಡಾಂತೆಯಂಥ ಕಾಗದದ ಹೂಗಳನ್ನು) ಪಾತಿಗಟ್ಟಲೆ ಬೆಳೆಸಿ ತೋರಿಸುತ್ತಾರೆ. ಇದು ಒಂದೇ ವರ್ಷದ ಗಿಡ, ಬೀಜದಿಂದಲೇ ಬೆಳೆಸಬೇಕು.

ಕ್ರೈಸೊಸೆಫಾಲಮ್ ಅಪಿಕ್ಯುಲೇಟಮ್. ಬೆಳ್ಳಿ ಎಲೆಯ ಮೇಲೆ ಹಳದಿ ಗುಂಡಿಗಳಂಥ ಹೂಗೊಂಚಲು. ಬಿರುಬಿಸಿಲಿಗೆ ಜಗ್ಗದು. ಒಲಿಯಾರಿಯಾ ಬೇಕಿದ್ದರೆ ಅದು ಪೊದೆ, ಒಂದೆರಡು ಮೀಟರ್ ಜಾಗ ಬೇಡುತ್ತದೆ. ಉದ್ದ ಕಡ್ಡಿಯ ತುದಿಯಲ್ಲಿ ಹಳದಿ ಚೆಂಡು ನಿಲ್ಲಿಸಿದಂತಿರುವ ಪಿಕ್ನೊಸೋರಸ್ ಗ್ಲೋಬೋಸಸ್ ಹೂದಾನಿಗೆ ಬೆಳೆಯುವವರಿಗೆ. ಸಮುದ್ರದ ಉಪ್ಪುಗಾಳಿ ಬೀಸುವ ಮನೆಗಳಿಗೆ ಲ್ಯೂಕೋಫೈಟಾ ಬ್ರೌನಿಯ ಬೆಳ್ಳಿಬಣ್ಣದ ದುಂಡು ಪೊದೆಯೇ ಸರಿ.

ಒಂದು ಮಾತು ಪೇಪರ್ ಡೈಸಿಯ ಹೂವಿನ ಬಗ್ಗೆ, ಮುಂದೆ ಒಣಗಿಸುವಾಗ ಬೇಕಾಗುತ್ತದೆ. ಬ್ರ್ಯಾಕಿಸ್ಕೋಮ್‌ನಲ್ಲಿ ದಳವೆಂದು ಕಾಣುವುದು ನಿಜಕ್ಕೂ ಹೂವಿನ ಭಾಗ. ಜೆರೋಕ್ರೈಸಮ್, ರೋಡಾಂತೆಗಳಲ್ಲಿ ಅದು ದಳವಲ್ಲ, ಹೂಗೊಂಚಲನ್ನು ಸುತ್ತಿಕೊಂಡ ಒಣ ಪುಷ್ಪಪತ್ರ. ಗಿಡದ ಮೇಲಿರುವಾಗಲೇ ಅದರಲ್ಲಿ ತೇವ ಇಲ್ಲದಷ್ಟು ಕಡಿಮೆ. ಗಾಳಿಯಲ್ಲಿ ತೇವ ಏರಿದರೆ ಬುಡದ ಹೊರಪದರ ನೀರು ಹೀರಿ ಹಿಗ್ಗಿ ಇಡೀ ಹೂ ಮುಚ್ಚಿಕೊಳ್ಳುತ್ತದೆ, ಒಣಗಿದಾಗ ಬಿರಿಯುತ್ತದೆ. ಕಿತ್ತು ಒಣಗಿಸಿ ವರ್ಷವಾದ ಹೂವನ್ನು ನೀರಿನಲ್ಲಿ ಅದ್ದಿದರೂ ಇದನ್ನು ನೋಡಬಹುದು. ಆದ್ದರಿಂದ ಮೋಡದ ದಿನ ಹೂಗಳೆಲ್ಲ ಮುದುಡಿದ್ದರೆ ಗಿಡಕ್ಕೆ ಏನೋ ಆಗಿದೆಯೆಂದು ನೀರು ಸುರಿಯಬೇಡಿ.

ಜಾಗ ಮತ್ತು ಮಣ್ಣು

ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೇಕು. ಬ್ರ್ಯಾಕಿಸ್ಕೋಮ್ ಅರೆ ನೆರಳಲ್ಲೂ ಬದುಕುತ್ತದೆ, ಆದರೆ ಕಡ್ಡಿ ಉದ್ದವಾಗಿ ಹೂ ಕಡಿಮೆಯಾಗುತ್ತದೆ. ಚಳಿಗಾಲದಲ್ಲಿ ಉತ್ತರದ ಕಡೆಯಿಂದ ಬಿಸಿಲು ಬರುವುದರಿಂದ ಮನೆಯ ಉತ್ತರ ದಿಕ್ಕಿನ ಜಾಗವನ್ನೇ ಆರಿಸಿ. ಇಲ್ಲಿ ದಕ್ಷಿಣ ಗೋಡೆಯ ಬುಡ ತಿಂಗಳುಗಟ್ಟಲೆ ಬಿಸಿಲು ಕಾಣುವುದಿಲ್ಲ.

ನೀರು ಬಸಿಯುತ್ತದೆಯೇ ಎಂದು ನೆಡುವ ಮೊದಲೇ ನೋಡಿ. 30 ಸೆಂ.ಮೀ. ಆಳದ ಗುಂಡಿ ತೋಡಿ, ನೀರು ತುಂಬಿ, ಇಂಗಲು ಬಿಡಿ. ಮತ್ತೆ ತುಂಬಿ ಅಳೆಯಿರಿ. ಗಂಟೆಗೆ 2–3 ಸೆಂ.ಮೀ. ಆದರೂ ಇಳಿಯಬೇಕು. ಇಳಿಯದಿದ್ದರೆ ಅಲ್ಲೇ ಗುಂಡಿಗೆ ಒಳ್ಳೆಯ ಮಣ್ಣು ತುಂಬಿ ನೆಡುವುದು ಎಲ್ಲರೂ ಮಾಡುವ ತಪ್ಪು. ಸುತ್ತ ಜೇಡಿಮಣ್ಣು ಇರುವಾಗ ಆ ಗುಂಡಿ ತೊಟ್ಟಿಯಾಗುತ್ತದೆ, ಸುತ್ತಲಿನ ನೀರೆಲ್ಲ ಅದಕ್ಕೇ ಬಂದು ನಿಲ್ಲುತ್ತದೆ, ಬೇರು ಉಸಿರಾಡದೆ ಕೊಳೆಯುತ್ತದೆ. ಅಂಥಲ್ಲಿ ನೆಲದ ಮೇಲೆಯೇ 20–30 ಸೆಂ.ಮೀ. ಎತ್ತರದ ದಿಬ್ಬ ಕಟ್ಟಿ ಅದರ ನೆತ್ತಿಯಲ್ಲಿ ನೆಡಿ.

ಮೆಲ್ಬರ್ನ್‌ನ ಪಶ್ಚಿಮ ಭಾಗದ ಹೊಸ ಬಡಾವಣೆಗಳಲ್ಲಿ ಬಹುತೇಕ ಭಾರಿ ಜೇಡಿಮಣ್ಣು. ಅದಕ್ಕೆ ಜಿಪ್ಸಮ್ ಹಾಕಿ ಎನ್ನುವ ಸಲಹೆ ಧಾರಾಳವಾಗಿ ಸಿಗುತ್ತದೆ. ಎಲ್ಲ ಜೇಡಿಗೂ ಅದು ಕೆಲಸ ಮಾಡುವುದಿಲ್ಲ. ಪರೀಕ್ಷೆ ಸುಲಭ: ಕಡಲೆಕಾಳು ಗಾತ್ರದ ಒಣ ಹೆಂಟೆಯನ್ನು ಮಳೆನೀರು ತುಂಬಿದ ಗಾಜಿನ ಲೋಟಕ್ಕೆ ಮೆಲ್ಲಗೆ ಬಿಡಿ, ಕದಡಬೇಡಿ. 24 ಗಂಟೆಯೊಳಗೆ ಹೆಂಟೆಯ ಸುತ್ತ ಹಾಲಿನಂಥ ಮಬ್ಬು ಹಬ್ಬಿದರೆ ಆ ಮಣ್ಣಿನಲ್ಲಿ ಸೋಡಿಯಂ ಹೆಚ್ಚಿದೆ, ಜಿಪ್ಸಮ್ ಉಪಯೋಗವಾಗುತ್ತದೆ. ಚದರ ಮೀಟರಿಗೆ ಒಂದು ಕಿಲೊ ಲೆಕ್ಕದಲ್ಲಿ ಮೇಲಿನ 10–15 ಸೆಂ.ಮೀ. ಮಣ್ಣಿಗೆ ಬೆರೆಸಿ. ಹೆಂಟೆ ಬರಿದೆ ಕುಸಿದು ನೀರು ತಿಳಿಯಾಗಿಯೇ ಉಳಿದರೆ ಜಿಪ್ಸಮ್‌ಗೆ ಹಣ ಹಾಕಬೇಡಿ, ಕಾಂಪೋಸ್ಟ್ ಬೆರೆಸಿ.

ಪರ್ತ್‌ನವರ ಕಷ್ಟ ಇದಕ್ಕೆ ತದ್ವಿರುದ್ಧ. ಅಲ್ಲಿನ ಮರಳು ಬೇಸಿಗೆಯಲ್ಲಿ ನೀರನ್ನೇ ಒಳಗೆ ಬಿಡುವುದಿಲ್ಲ. ಮರಳಿನ ಕಣಗಳಿಗೆ ಸಾವಯವ ಮೇಣ ಮೆತ್ತಿಕೊಂಡಿರುವುದರಿಂದ ನೀರು ಮಣಿಮಣಿಯಾಗಿ ಉರುಳಿಹೋಗುತ್ತದೆ. ಕಾಂಪೋಸ್ಟ್ ಜೊತೆಗೆ ಬೆಂಟೊನೈಟ್ ಜೇಡಿಪುಡಿ ಬೆರೆಸಿ, ನೆಟ್ಟ ಮೇಲೆ ಮಣ್ಣಿಗೆ ವೆಟಿಂಗ್ ಏಜೆಂಟ್ (ನೀರು ಒಳಗಿಳಿಯುವಂತೆ ಮಾಡುವ ವಸ್ತು) ಕೊಡಿ. ಅಡಿಲೇಡ್‌ನ ಸುಣ್ಣಕಲ್ಲಿನ ನೆಲದಲ್ಲಿ ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಅದು ಕಬ್ಬಿಣದ ಕೊರತೆ. ಐರನ್ ಕೀಲೇಟ್ (ಗಿಡ ಹೀರಬಲ್ಲ ರೂಪದ ಕಬ್ಬಿಣ) ಪ್ಯಾಕೆಟ್ಟಿನ ಮೇಲಿರುವ ಅಳತೆಯಲ್ಲಿ ಹಾಕಿ. ಕ್ಯಾನ್‌ಬೆರಾದ ಹಿಮಗಟ್ಟುವ ರಾತ್ರಿಗಳಿಗೆ ಕರಾವಳಿಯ ತಳಿಗಳು ತಡೆಯುವುದಿಲ್ಲ, ಎತ್ತರದ ಚಳಿಬೆಟ್ಟಗಳ (ಆಲ್ಪೈನ್) ಜೆರೋಕ್ರೈಸಮ್ ಸಬ್‌ಅಂಡ್ಯುಲೇಟಮ್ ಹುಡುಕಿ. ಬ್ರಿಸ್ಬೇನ್‌ನಲ್ಲಿ ಬೇಸಿಗೆಯ ಸೆಕೆಯೇ ಶತ್ರು. ಅಲ್ಲಿ ಶರತ್ಕಾಲದಲ್ಲಿ ನೆಟ್ಟು ಚಳಿಗಾಲ-ವಸಂತದ ಹೂ ಪಡೆದು, ಬೇಸಿಗೆಯಲ್ಲಿ ಹೋದದ್ದು ಹೋಗಲಿ ಎಂದಿರುವುದೇ ಜಾಣತನ.

ಕುಂಡಕ್ಕಾದರೆ ಚೀಲದ ಮೇಲೆ ಆಸ್ಟ್ರೇಲಿಯನ್ ಸ್ಟ್ಯಾಂಡರ್ಡ್ಸ್‌ನ ಕೆಂಪು ಟಿಕ್ ಗುರುತಿರುವ ಪ್ರೀಮಿಯಂ ಪಾಟಿಂಗ್ ಮಿಕ್ಸ್ ತನ್ನಿ. ಕಪ್ಪು ಟಿಕ್‌ನದ್ದು ಸಾಧಾರಣ ದರ್ಜೆ, ಅದಕ್ಕೆ ಗೊಬ್ಬರ ನೀವೇ ಸೇರಿಸಬೇಕು. ಚೀಲ ಬಿಚ್ಚುವಾಗ ಮಾಸ್ಕ್, ಕೈಗವಸು ಹಾಕಿಕೊಳ್ಳಿ, ಮುಖ ಹತ್ತಿರ ಒಯ್ಯಬೇಡಿ, ಮಿಶ್ರಣದ ಮೇಲೆ ಸ್ವಲ್ಪ ನೀರು ಚಿಮುಕಿಸಿ. ಅದರ ದೂಳಿನಲ್ಲಿ ಲೀಜನೆಲ್ಲಾ ಲಾಂಗ್‌ಬೀಚೈ ಎಂಬ ಬ್ಯಾಕ್ಟೀರಿಯಾ ಇರಬಹುದು. ಅದು ಉಸಿರಿನೊಂದಿಗೆ ಒಳಹೊಕ್ಕರೆ ತೀವ್ರ ನ್ಯುಮೋನಿಯಾ ಬರಬಹುದು, ವಯಸ್ಸಾದವರಿಗೆ ಅಪಾಯ ಇನ್ನೂ ಹೆಚ್ಚು. ಊರಿಂದ ಬಂದ ಅಪ್ಪ-ಅಮ್ಮ ಹಿತ್ತಿಲಿನ ಕೆಲಸಕ್ಕೆ ಕೈಹಾಕುವ ಮನೆಗಳಲ್ಲಿ ಇದನ್ನು ಅವರಿಗೂ ಹೇಳಿಡಿ.

ಟ್ಯೂಬ್‌ಸ್ಟಾಕ್ ನೆಡುವುದು

ನೇಟಿವ್ ನರ್ಸರಿಗಳಲ್ಲಿ 5 ಸೆಂ.ಮೀ. ಚೌಕದ, ಸುಮಾರು 12 ಸೆಂ.ಮೀ. ಆಳದ ಟ್ಯೂಬಿನಲ್ಲಿ ಸಿಗುವ ಎಳೆ ಸಸಿಯೇ ಟ್ಯೂಬ್‌ಸ್ಟಾಕ್. ಹೂ ತುಂಬಿದ ದೊಡ್ಡ ಕುಂಡದ ಗಿಡಕ್ಕಿಂತ ಇದು ಅಗ್ಗ, ನೆಲಕ್ಕೆ ಬೇಗ ಒಗ್ಗುತ್ತದೆ. ಆರಿಸುವಾಗ ಹೂ ನೋಡಬೇಡಿ, ಬುಡ ನೋಡಿ. ಬುಡದಿಂದಲೇ ಎರಡು ಮೂರು ಕವಲು ಹೊರಟಿರಬೇಕು, ಟ್ಯೂಬಿನ ತಳದಿಂದ ಬೇರು ಗೊಂಚಲಾಗಿ ನೇತಾಡುತ್ತಿರಬಾರದು.

ಮೆಲ್ಬರ್ನ್, ಸಿಡ್ನಿ, ಅಡಿಲೇಡ್, ಪರ್ತ್‌ಗಳಲ್ಲಿ ಏಪ್ರಿಲ್-ಮೇ ನಾಟಿಗೆ ಹದ. ಮಣ್ಣಿನಲ್ಲಿ ಇನ್ನೂ ಬಿಸುಪು ಇರುತ್ತದೆ, ಮುಂದೆ ಮಳೆಯಿರುತ್ತದೆ. ಹಿಮ ಬೀಳುವ ಊರುಗಳಲ್ಲಿ ಸೆಪ್ಟೆಂಬರ್ ಕೊನೆಗೆ ಕಾಯಿರಿ.

ಮೊದಲು ಟ್ಯೂಬನ್ನು ಬಕೆಟ್ ನೀರಿನಲ್ಲಿ ಗುಳ್ಳೆ ನಿಲ್ಲುವವರೆಗೆ ಮುಳುಗಿಸಿಡಿ. ಒಣಗಿದ ಬೇರುಮುದ್ದೆಯನ್ನು ಹಾಗೇ ನೆಟ್ಟರೆ ಸುತ್ತ ಎಷ್ಟು ನೀರು ಹಾಕಿದರೂ ಒಳಗೆ ಹೋಗದು. ಗುಂಡಿ ಟ್ಯೂಬಿಗಿಂತ ಎರಡು ಪಟ್ಟು ಅಗಲ ಇರಲಿ, ಆಳ ಮಾತ್ರ ಟ್ಯೂಬಿನಷ್ಟೇ. ಸಸಿಯನ್ನು ಬೆರಳ ಸಂದಿಯಲ್ಲಿ ಹಿಡಿದು ಟ್ಯೂಬನ್ನು ತಲೆಕೆಳಗು ಮಾಡಿ ಅಂಚನ್ನು ತಟ್ಟಿ, ತಾನೇ ಜಾರಿಬರುತ್ತದೆ. ತಳದಲ್ಲಿ ಬೇರು ಸುರುಳಿ ಸುತ್ತಿದ್ದರೆ ಆ ಒಂದು ಸೆಂ.ಮೀ. ಕತ್ತರಿಸಿ ಬಿಸಾಡಿ. ಬೇರುಮುದ್ದೆಯ ಮೇಲ್ಮೈ ನೆಲಕ್ಕೆ ಸಮ ಇರಲಿ. ಒಂದೆರಡು ಸೆಂ.ಮೀ. ಆಳವಾದರೂ ಬುಡದ ಕೊರಳಲ್ಲಿ ಮಣ್ಣು ಕೂತು ಕೊಳೆ ಹಿಡಿಯುತ್ತದೆ. ಮಣ್ಣು ತುಂಬಿ ಕೈಯಿಂದ ಒತ್ತಿ (ಕಾಲಿಂದ ತುಳಿಯಬೇಡಿ), ಪ್ರತಿ ಗಿಡಕ್ಕೆ ಎರಡು ಲೀಟರ್ ನೀರು ನಿಧಾನವಾಗಿ ಹಾಕಿ. ಇದ್ದ ಹೂ, ಮೊಗ್ಗುಗಳನ್ನೆಲ್ಲ ಅದೇ ದಿನ ಚಿವುಟಿಬಿಡಿ. ಮನಸ್ಸು ಒಪ್ಪುವುದಿಲ್ಲ, ಆದರೂ ಚಿವುಟಬೇಕು. ಮೊದಲ ತಿಂಗಳು ಗಿಡ ಬೇರು ಬಿಡಲಿ.

ಅಂತರ: ಬ್ರ್ಯಾಕಿಸ್ಕೋಮ್ ಮತ್ತು ಎತ್ತರದ ಜೆರೋಕ್ರೈಸಮ್‌ಗೆ 40–50 ಸೆಂ.ಮೀ., ಗಿಡ್ಡ ತಳಿಗಳಿಗೆ 30. ಮೇಲೆ 3ರಿಂದ 5 ಸೆಂ.ಮೀ. ದಪ್ಪ ಸಣ್ಣ ಜಲ್ಲಿ ಅಥವಾ ಪೈನ್ ತೊಗಟೆಯ ಹೊದಿಕೆ ಹಾಕಿ, ಕಾಂಡದಿಂದ ನಾಲ್ಕು ಬೆರಳು ದೂರ ಬಿಡಿ. ಬೂದು ಎಲೆಯ ಬಗೆಗಳಿಗೆ ಜಲ್ಲಿಯೇ ಮೇಲು, ಕೆಳಗಿನ ಎಲೆಗಳು ಒಣಗಿರುತ್ತವೆ.

ಬೀಜ ಬಿತ್ತುವುದು

ರೋಡಾಂತೆಯನ್ನು ಮಡಿ ಮಾಡಿ ಕಿತ್ತು ನೆಡುವುದಕ್ಕಿಂತ ನೇರ ಬಿತ್ತುವುದು ಒಳ್ಳೆಯದು, ಬೇರಿಗೆ ಕೈ ತಾಗಿದರೆ ಸೊರಗುತ್ತದೆ. ಏಪ್ರಿಲ್ ಕೊನೆಯಿಂದ ಮೇ, ಚಳಿಗಾಲದ ಮಳೆ ಹಿಡಿಯುವ ಹೊತ್ತು. ಕಳೆ ಪೂರ್ತಿ ತೆಗೆಯಿರಿ. ಈ ಸಸಿಗಳು ಶುರುವಿನಲ್ಲಿ ಹುಲ್ಲಿನ ಎದುರು ನಿಲ್ಲಲಾರವು, ಬಿತ್ತನೆ ಕೆಡುವುದು ಹೆಚ್ಚಾಗಿ ಇಲ್ಲೇ. ಪಾತಿಗೆ ಒಮ್ಮೆ ನೀರು ಕೊಟ್ಟು ಎರಡು ವಾರ ಬಿಟ್ಟು, ಹುಟ್ಟಿದ ಕಳೆಯನ್ನು ಕೆರೆದು ತೆಗೆದು ಆಮೇಲೆ ಬಿತ್ತಿದರೆ ಅರ್ಧ ಕೆಲಸ ಉಳಿಯುತ್ತದೆ. ಒಂದು ಭಾಗ ಬೀಜಕ್ಕೆ ಹತ್ತು ಭಾಗ ಒಣ ಮರಳು ಬೆರೆಸಿ ಎರಚಿ. ಮರಳು ಬಿದ್ದ ಜಾಗ ಕಾಣುವುದರಿಂದ ಎಲ್ಲಿ ತೆಳು, ಎಲ್ಲಿ ದಟ್ಟ ಎಂದು ಗೊತ್ತಾಗುತ್ತದೆ. ಕುಂಟೆಯ ಬೆನ್ನಿನಿಂದ ಮೆಲ್ಲಗೆ ಒತ್ತಿ, ಮಣ್ಣು ಮುಚ್ಚಬೇಡಿ. ಒಂದರಿಂದ ಮೂರು ವಾರದಲ್ಲಿ ಮೊಳೆಯುತ್ತದೆ. ಅಲ್ಲಿಯವರೆಗೆ ಮಳೆಯಿಲ್ಲದ ದಿನ ಸಣ್ಣ ಹನಿಯಲ್ಲಿ ನೀರು. ಎರಡು ಜೊತೆ ನಿಜ ಎಲೆ ಬಂದಾಗ 15–20 ಸೆಂ.ಮೀ.ಗೆ ಒಂದರಂತೆ ಬಿಟ್ಟು ಉಳಿದವನ್ನು ಕೀಳಿ. ಈ ಪಾತಿಗೆ ತೊಗಟೆಯ ಹೊದಿಕೆ ಬೇಡ, ಹಾಕಿದರೆ ಉದುರಿದ ಬೀಜ ಮುಂದಿನ ವರ್ಷ ನೆಲಕ್ಕೆ ತಾಗುವುದೇ ಇಲ್ಲ.

ಜೆರೋಕ್ರೈಸಮ್ ಬೀಜಕ್ಕೆ ಮೊಳೆಯಲು ಬೆಳಕು ಬೇಕು. ಟ್ರೇಯಲ್ಲಿ ಬಿತ್ತಿ ಒತ್ತಿ, ಮೇಲೆ ಬೇಕಿದ್ದರೆ ಒಂದು ಚಿಟಿಕೆ ವರ್ಮಿಕ್ಯುಲೈಟ್ (ಹಗುರ ಖನಿಜದ ಚೂರು), ಅಷ್ಟೇ. 18ರಿಂದ 22 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದರಿಂದ ಮೂರು ವಾರ. ಟ್ರೇಯನ್ನು ನೀರಿನ ತಟ್ಟೆಯಲ್ಲಿ ಕೂರಿಸಿ ಕೆಳಗಿನಿಂದ ಹೀರಲು ಬಿಡಿ. ಮೇಲಿನಿಂದ ಸುರಿದರೆ ಬೀಜವೆಲ್ಲ ಮೂಲೆಗೆ ಸೇರುತ್ತದೆ.

ಮೊಳಕೆ ಬರಲೇ ಇಲ್ಲ ಎನ್ನುವವರ ಬೀಜ ಹೆಚ್ಚಾಗಿ ಜೊಳ್ಳಾಗಿರುತ್ತದೆ. ಒಂದು ಬೀಜವನ್ನು ಬಿಳಿ ಕಾಗದದ ಮೇಲಿಟ್ಟು ಉಗುರಿನಿಂದ ಒತ್ತಿ ನೋಡಿ. ಗಟ್ಟಿಯಾಗಿ ತಡೆದರೆ ಒಳಗೆ ತಿರುಳಿದೆ, ಚಪ್ಪಟೆಯಾದರೆ ಜೊಳ್ಳು. ಹಳೆಯ ಬೀಜವೂ ಬೇಡ, ಎರಡು ಮೂರು ವರ್ಷದಲ್ಲಿ ಸತ್ವ ಇಳಿಯುತ್ತದೆ. ರೋಡಾಂತೆಯಲ್ಲಿ ಇನ್ನೊಂದು ತೊಡಕು: ಆಗತಾನೇ ಉದುರಿದ ಬೀಜ ಕೂಡಲೇ ಮೊಳೆಯುವುದಿಲ್ಲ. ಬೇಸಿಗೆಯ ಅಕಾಲ ಮಳೆಗೆ ಮೊಳೆತು ಸಾಯದಂತೆ ಅದು ಕಾಯುತ್ತದೆ. ಒಣ ಜಾಗದಲ್ಲಿ ಕಾಗದದ ಲಕೋಟೆಯಲ್ಲಿಟ್ಟು ಮುಂದಿನ ಶರತ್ಕಾಲಕ್ಕೆ ಬಿತ್ತಿ.

ಕುಡಿಯಿಂದ ಹೊಸ ಗಿಡ

ಮೂರು ವರ್ಷಕ್ಕೊಮ್ಮೆ ಗಿಡ ಬದಲಿಸಬೇಕೆಂದಾಗ ಪ್ರತಿ ಸಲ ನರ್ಸರಿಗೆ ಹೋಗಬೇಕಿಲ್ಲ. ಬ್ರ್ಯಾಕಿಸ್ಕೋಮ್, ಜೆರೋಕ್ರೈಸಮ್, ಕ್ರೈಸೊಸೆಫಾಲಮ್ ಮೂರೂ ಕುಡಿಯಿಂದ ಬರುತ್ತವೆ. ತಳಿಯ ಬಣ್ಣ, ಗಾತ್ರ ಹಾಗೇ ಉಳಿಯಬೇಕಿದ್ದರೆ ಇದೇ ದಾರಿ, ಬೀಜದಿಂದ ಬಂದದ್ದು ತಾಯಿಯಂತೆಯೇ ಇರುತ್ತದೆ ಎನ್ನಲಾಗದು. ಕೆಲವು ತಳಿಗಳ ಚೀಟಿಯಲ್ಲಿ ತಳಿಗಾರರ ಹಕ್ಕಿನ ಗುರುತಿರುತ್ತದೆ. ಮನೆಯ ಬಳಕೆಗೆ ಕುಡಿ ಮಾಡಿಕೊಳ್ಳುವುದಕ್ಕೆ ಅಡ್ಡಿಯಿಲ್ಲ, ಮಾರುವಂತಿಲ್ಲ.

ಫೆಬ್ರವರಿ ಕೊನೆಯಿಂದ ಏಪ್ರಿಲ್ ಒಳ್ಳೆಯ ಸಮಯ, ಇಲ್ಲವೇ ವಸಂತ. ಬೆಳಿಗ್ಗೆ, ಗಿಡದಲ್ಲಿ ನೀರು ತುಂಬಿರುವಾಗ ಕತ್ತರಿಸಿ. ಮೊಗ್ಗಿಲ್ಲದ ಕುಡಿ ಬೇಕು. ಸಿಗದಿದ್ದರೆ ಮೊಗ್ಗನ್ನು ಚಿವುಟಿ, ಇಲ್ಲದಿದ್ದರೆ ಕಡ್ಡಿಯ ಶಕ್ತಿಯೆಲ್ಲ ಹೂವಿಗೇ ಹೋಗುತ್ತದೆ. ಕಡ್ಡಿ ತೀರಾ ಎಳೆಯದಾದರೆ ಬಾಡುತ್ತದೆ, ತೀರಾ ಬಲಿತದ್ದು ಬೇರು ಬಿಡದು. ಬಗ್ಗಿಸಿದಾಗ ಬಿಲ್ಲಿನಂತೆ ಬಾಗಿ, ಬಿಟ್ಟಾಗ ನೆಟ್ಟಗಾಗುವುದು ಸರಿಯಾದ ಹದ.

5ರಿಂದ 7 ಸೆಂ.ಮೀ. ಉದ್ದಕ್ಕೆ, ಗಿಣ್ಣಿನ ಸ್ವಲ್ಪ ಕೆಳಗೆ ಹರಿತವಾದ ಬ್ಲೇಡಿನಿಂದ ಕತ್ತರಿಸಿ. ಕೆಳಗಿನ ಮೂರನೇ ಎರಡು ಭಾಗದ ಎಲೆ ತೆಗೆಯಬೇಕು. ಬ್ರ್ಯಾಕಿಸ್ಕೋಮ್‌ನ ಎಲೆಯನ್ನು ಕೆಳಕ್ಕೆಳೆದರೆ ಕಾಂಡದ ಸಿಪ್ಪೆಯೂ ಸುಲಿದು ಬರುತ್ತದೆ, ಅಲ್ಲಿಂದಲೇ ಕೊಳೆ ಶುರುವಾಗುತ್ತದೆ. ಸಣ್ಣ ಕತ್ತರಿಯಿಂದ ಒಂದೊಂದಾಗಿ ಕತ್ತರಿಸಿ. ಬುಡದ ಒಂದು ಸೆಂ.ಮೀ. ಮೃದು ಕಡ್ಡಿಗಳಿಗೆಂದಿರುವ ಬೇರಿನ ಹಾರ್ಮೋನ್ ಪುಡಿಯಲ್ಲಿ ಅದ್ದಿ, ಹೆಚ್ಚಾದದ್ದನ್ನು ಕೊಡವಿ.

ನೆಡಲು ಮೂರು ಭಾಗ ಪರ್ಲೈಟ್ (ಬಿಳಿಯ ಹಗುರ ಖನಿಜದ ಕಾಳು), ಒಂದು ಭಾಗ ಕೋಕೋಪೀಟ್ (ತೆಂಗಿನ ನಾರಿನ ಪುಡಿ). ನೆನೆಸಿ, ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬೀಳುವಷ್ಟು ತೇವ ಇರಲಿ. 10 ಸೆಂ.ಮೀ. ಕುಂಡದಲ್ಲಿ ಎಂಟು ಹತ್ತು ಕಡ್ಡಿ ಹಿಡಿಸುತ್ತವೆ. ಊದುಬತ್ತಿ ಕಡ್ಡಿಯಿಂದ ತೂತು ಮಾಡಿ, ಕುಡಿಯನ್ನು ಇಳಿಸಿ, ಸುತ್ತ ಒತ್ತಿ. ನೇರ ಚುಚ್ಚಿದರೆ ಹಾರ್ಮೋನ್ ಪುಡಿ ಮೇಲೆಯೇ ಉಳಿಯುತ್ತದೆ. ತಳ ಕತ್ತರಿಸಿದ ಪ್ಲಾಸ್ಟಿಕ್ ಬಾಟಲಿಯನ್ನು, ಮುಚ್ಚಳ ತೆಗೆದು, ಬ್ರ್ಯಾಕಿಸ್ಕೋಮ್ ಮೇಲೆ ಕವುಚಿ. ಬೂದು, ಬೆಳ್ಳಿ ಎಲೆಯವಕ್ಕೆ ಕವುಚಬೇಡಿ. ಎಲೆಯ ನವಿರು ಕೂದಲು ನೀರು ಹಿಡಿದುಕೊಂಡು ಮೂರು ದಿನಕ್ಕೆ ಕಪ್ಪಾಗುತ್ತವೆ, ಅವಕ್ಕೆ ಗಾಳಿಯಾಡುವ ನೆರಳೇ ಸಾಕು. ಬೆಳಕಿರಬೇಕು, ನೇರ ಬಿಸಿಲು ಬೇಡ.

ಮೂರು ನಾಲ್ಕು ವಾರದಲ್ಲಿ ಕುಂಡದ ತಳದ ತೂತಿನಲ್ಲಿ ಬಿಳಿ ಬೇರು ಇಣುಕುತ್ತದೆ. ಅಷ್ಟರವರೆಗೆ ಎಳೆದು ನೋಡುವ ಚಪಲ ಬೇಡ. ಆಮೇಲೆ ಒಂದೊಂದನ್ನೂ ಟ್ಯೂಬಿಗೆ ಬದಲಿಸಿ, ತುದಿ ಚಿವುಟಿ. ಇನ್ನೊಂದು ಆರೆಂಟು ವಾರಕ್ಕೆ ನೆಲಕ್ಕೆ ಸಿದ್ಧ.

ಇಷ್ಟೂ ಬೇಡವೆನ್ನುವವರು ಬ್ರ್ಯಾಕಿಸ್ಕೋಮ್ ಪೊದೆಯ ಅಂಚನ್ನು ಎತ್ತಿ ನೋಡಿ. ನೆಲಕ್ಕೆ ತಾಗಿದ ಕಡ್ಡಿಗಳು ಅಲ್ಲಲ್ಲೇ ಬೇರು ಬಿಟ್ಟಿರುತ್ತವೆ. ಬೇರು ಸಮೇತ ಕತ್ತರಿಸಿ ಬೇರೆಡೆ ನೆಟ್ಟರೆ ಆಯಿತು.

ನೀರು, ಗೊಬ್ಬರ

ನೆಟ್ಟ ಮೊದಲ ಎರಡು ಮೂರು ತಿಂಗಳು ಮಳೆಯಿಲ್ಲದ ವಾರ ಎರಡು ಸಲ, ಗಿಡಕ್ಕೆ ಒಂದು ಲೀಟರ್. ಆಮೇಲೆ ಬೇಸಿಗೆಯಲ್ಲಿ ವಾರಕ್ಕೊಮ್ಮೆ ಆಳವಾಗಿ. ಬೆರಳನ್ನು 5 ಸೆಂ.ಮೀ. ಇಳಿಸಿದಾಗ ತೇವ ತಾಗಿದರೆ ಆ ದಿನ ಬೇಡ. ಎಲೆಯ ಮೇಲೆ ಹಾಕಬೇಡಿ, ಸಂಜೆ ಹಾಕಬೇಡಿ. ಪರ್ತ್‌ನಲ್ಲಿ ಜೂನ್ 1ರಿಂದ ಆಗಸ್ಟ್ 31ರವರೆಗೆ ಸ್ಪ್ರಿಂಕ್ಲರ್ ನಿಷೇಧವಿದೆ, ಆಗ ಹೇಗೂ ಮಳೆಯೇ ಸಾಕಾಗುತ್ತದೆ. 40 ಡಿಗ್ರಿ ಮುಟ್ಟುವ ದಿನ ಮಧ್ಯಾಹ್ನ ಬ್ರ್ಯಾಕಿಸ್ಕೋಮ್ ಜೋತುಬಿದ್ದರೆ ಗಾಬರಿ ಬೇಡ. ಮರುದಿನ ಬೆಳಿಗ್ಗೆಯೂ ಎದ್ದಿರದಿದ್ದರೆ ಮಾತ್ರ ನೀರಿನ ಕೊರತೆ, ಅಥವಾ ಬೇರು ಕೊಳೆ.

ನೇಟಿವ್ ಗಿಡಕ್ಕೆ ರಂಜಕ ವಿಷ ಎಂಬ ಮಾತು ಗ್ರೆವಿಲಿಯಾ, ಬ್ಯಾಂಕ್ಸಿಯಾಗಳ ಬಗ್ಗೆ ಹುಟ್ಟಿದ್ದು (ಕೊಡಗಿನ ಕಾಫಿ ತೋಟಗಳಲ್ಲಿ ನೆರಳಿಗೆ ನಿಂತ ಸಿಲ್ವರ್ ಓಕ್ ಕೂಡ ಗ್ರೆವಿಲಿಯಾವೇ). ಡೈಸಿಗಳು ಅಷ್ಟು ನಾಜೂಕಲ್ಲ. ಬರೀ ಹೂವಿನ ಮೇಲೆ ಬದುಕುವ ಗಿಡ ಉಪವಾಸ ಬಿದ್ದರೆ ಹೂವೇ ನಿಲ್ಲುತ್ತದೆ. ಆದರೂ ಅಕ್ಕಪಕ್ಕದಲ್ಲಿ ಗ್ರೆವಿಲಿಯಾ ಇರುವ ಪಾತಿಯಲ್ಲಿ ರಂಜಕ ಶೇ. 2ಕ್ಕಿಂತ ಕಡಿಮೆಯಿರುವ, ನಿಧಾನವಾಗಿ ಕರಗುವ ಕಾಳುಗೊಬ್ಬರವೇ ಕ್ಷೇಮ. ಮಾರ್ಚ್‌ನಲ್ಲೊಮ್ಮೆ, ಆಗಸ್ಟ್ ಕೊನೆಗೊಮ್ಮೆ, ಚದರ ಮೀಟರಿಗೆ ಸುಮಾರು 50 ಗ್ರಾಂ. ಕುಂಡಕ್ಕೆ ಮಿಶ್ರಣದ ಲೀಟರಿಗೆ 3 ಗ್ರಾಂ. ಕೋಳಿಗೊಬ್ಬರ ಸುರಿದರೆ ಸಾರಜನಕ ಹೆಚ್ಚಾಗಿ ಎಲೆಯೇ ಎಲೆ, ಅದರ ಬೆನ್ನಿಗೇ ಸಸ್ಯಹೇನು.

ಕತ್ತರಿ

ಸವರದ ಡೈಸಿಗೆ ಆಯುಸ್ಸಿಲ್ಲ. ಹೊಸ ಚಿಗುರಿನ ತುದಿಯಲ್ಲಷ್ಟೇ ಹೂ. ಸವರದಿದ್ದರೆ ಚಿಗುರು ವರ್ಷವರ್ಷವೂ ಬುಡದಿಂದ ದೂರ ಹೋಗುತ್ತದೆ, ನಡುವೆ ಕಟ್ಟಿಗೆ ಉಳಿಯುತ್ತದೆ. ಆ ಬೋಳು ಕಟ್ಟಿಗೆಗೆ ಆಮೇಲೆ ಕತ್ತರಿ ಹಾಕಿದರೂ ಚಿಗುರದು.

ಬ್ರ್ಯಾಕಿಸ್ಕೋಮ್: ವಸಂತದ ದೊಡ್ಡ ಹೂವು ಇಳಿಮುಖವಾದಾಗ, ಸುಮಾರು ಡಿಸೆಂಬರ್‌ನಲ್ಲಿ, ಬೇಲಿ ಕತ್ತರಿಯಿಂದ ಇಡೀ ಪೊದೆಯ ಮೂರನೇ ಒಂದು ಭಾಗ ತೆಗೆಯಿರಿ. ಬಿಡಿಬಿಡಿ ಹೂ ಕೀಳುತ್ತ ಕೂರಬೇಡಿ. ಮೂರು ನಾಲ್ಕು ವಾರದಲ್ಲಿ ಮತ್ತೆ ಮೊಗ್ಗು. ಚಳಿಗಾಲ ಕಳೆಯುವಾಗ ಇನ್ನೊಮ್ಮೆ ಹಗುರವಾಗಿ. 40 ಡಿಗ್ರಿ ಮುನ್ಸೂಚನೆಯಿರುವ ವಾರ ಮಾತ್ರ ಬೇಡ, ಒಳಗಿನ ಎಳೆ ಎಲೆ ಸುಟ್ಟುಹೋಗುತ್ತದೆ.

ಜೆರೋಕ್ರೈಸಮ್: ಬಾಡಿದ ಹೂವನ್ನು ಬರೀ ತಲೆ ಕತ್ತರಿಸದೆ, ಕೆಳಗಿನ ಪಕ್ಕದ ಚಿಗುರಿನವರೆಗೆ ಕತ್ತರಿಸಿ. ಆಗಸ್ಟ್ ಹೊತ್ತಿಗೆ ಬುಡದಲ್ಲಿ ಬೂದು-ಹಸಿರು ಚಿಗುರು ಗುಂಪಾಗಿ ಕಾಣುತ್ತದೆ. ಅದು ಕಂಡ ಮೇಲೆಯೇ ಹಳೆಯ ಕಡ್ಡಿಗಳನ್ನು 10–15 ಸೆಂ.ಮೀ.ಗೆ ಇಳಿಸಿ. ಚಿಗುರು ಕಾಣದ ಗಿಡವನ್ನು ಬುಡದವರೆಗೆ ಕತ್ತರಿಸಿದರೆ ಅದೇ ಕೊನೆ. ರೋಡಾಂತೆಯನ್ನು ಸವರುವುದೇ ಇಲ್ಲ. ಬೀಜ ಉದುರಿದ ಮೇಲೆ ಒಣಗಿಡ ಕಿತ್ತು ಅದೇ ಪಾತಿಯ ಮೇಲೆ ಕೊಡವಿಬಿಡಿ.

ಕೆಡುವುದೆಲ್ಲಿ

ಮಣ್ಣು ಒದ್ದೆಯಿದ್ದೂ ಗಿಡ ಬಾಡಿ ನಿಂತಿದೆ, ಎಳೆದರೆ ಸುಲಭವಾಗಿ ಬರುತ್ತದೆ, ಬೇರು ಕಂದು ಬಣ್ಣಕ್ಕೆ ತಿರುಗಿದೆ: ಫೈಟಾಫ್ತೊರಾ ಅಥವಾ ಪಿಥಿಯಮ್ ಎಂಬ ಬೂಸಲಿನಂಥ ರೋಗಾಣುವಿನ ಬೇರು ಕೊಳೆ. ಔಷಧಿಗೆ ಹೋಗದೆ ಕಿತ್ತು ಕಸಕ್ಕೆ ಹಾಕಿ, ಕಾಂಪೋಸ್ಟಿಗೆ ಬೇಡ. ಅದೇ ಗುಂಡಿಗೆ ಮತ್ತೊಂದು ಡೈಸಿ ಇಡಬೇಡಿ.

ಎಲೆಯ ಮೇಲೆ ಬಿಳಿ ಹಿಟ್ಟು ಬೂದಿರೋಗ. ಇಕ್ಕಟ್ಟನ್ನು ಸವರಿ ಗಾಳಿಯಾಡಿಸಿ, ಪೊಟ್ಯಾಸಿಯಂ ಬೈಕಾರ್ಬೊನೇಟ್ ಸಿಂಪಡಿಸಿ. ಮಳೆಗಾಲದಲ್ಲಿ ಹೂವಿನ ಮೇಲೆ ಬೂದು ಬೂಸಲು ಬಂದರೆ ಆ ಹೂಗಳನ್ನು ಅಂದೇ ತೆಗೆಯಿರಿ. ಕುಡಿಗೆ ಮುತ್ತಿದ ಹಸಿರು ಹೇನಿಗೆ ಪೈಪಿನ ಜೋರು ನೀರು, ಆಗಲೂ ಹೋಗದಿದ್ದರೆ ಸೋಪಿನ ದ್ರಾವಣ.

ಎಳೆ ಸಸಿ ರಾತ್ರೋರಾತ್ರಿ ಮಾಯವಾದರೆ ಬಸವನಹುಳು. ಟಾರ್ಚ್ ಹಿಡಿದು ಕೈಯಿಂದ ಆರಿಸುವುದೇ ಉತ್ತಮ. ಗುಳಿಗೆ ಬೇಕೇ ಬೇಕೆಂದರೆ ಕಬ್ಬಿಣ ಆಧಾರಿತ ಗುಳಿಗೆ ತನ್ನಿ. ಮೆಟಾಲ್ಡಿಹೈಡ್ ಗುಳಿಗೆ ನಾಯಿಗೆ ಮಾರಕ, ಬಸವನಹುಳು ತಿಂದು ನಮಗೆ ಉಪಕಾರ ಮಾಡುವ ನೀಲಿ ನಾಲಿಗೆಯ ಹಲ್ಲಿಗೂ ಅಪಾಯ.

ಜೆರೋಕ್ರೈಸಮ್ ಎಲೆಗಳು ರೇಷ್ಮೆ ಎಳೆಯಿಂದ ಹೊಲಿದಂತೆ ಮಡಚಿದ್ದರೆ, ಒಳಗೆ ಮುಳ್ಳುಮುಳ್ಳಾದ ಕಪ್ಪು ಕಂಬಳಿಹುಳು ಇದ್ದರೆ, ಕೈ ತಡೆಯಿರಿ. ಅದು ಆಸ್ಟ್ರೇಲಿಯನ್ ಪೇಂಟೆಡ್ ಲೇಡಿ ಚಿಟ್ಟೆಯ ಮರಿ. ಹಗಲು ಮಡಿಕೆಯೊಳಗೆ ಅಡಗಿ ರಾತ್ರಿ ಮೇಯುತ್ತದೆ. ಗಿಡ ಒಂದೆರಡು ವಾರ ಹರಕಲಾಗಿ ಕಾಣುತ್ತದೆ, ಮತ್ತೆ ಚಿಗುರುತ್ತದೆ.

ಒಣಹೂವು

ಒಣಗಿಸಲು ಜೆರೋಕ್ರೈಸಮ್, ರೋಡಾಂತೆ, ಪಿಕ್ನೊಸೋರಸ್. ಬ್ರ್ಯಾಕಿಸ್ಕೋಮ್ ಒಣಗಿದರೆ ಬರೀ ಕಸ. ಜೆರೋಕ್ರೈಸಮ್ ಪೂರ್ತಿ ಅರಳಿದ ಮೇಲೆ ಕಿತ್ತರೆ ಒಣಗುವಾಗ ಇನ್ನೂ ಹಿಂದಕ್ಕೆ ಬಾಗಿ ನಡುವಿನ ಹಳದಿ ಕಂದಾಗಿ ಜುಂಗು ಏಳುತ್ತದೆ. ಹೊರಗಿನ ಎರಡು ಮೂರು ಸುತ್ತು ಬಿರಿದು ನಡು ಇನ್ನೂ ಮುಚ್ಚಿರುವಾಗ, ಇಬ್ಬನಿ ಆರಿದ ಹೊತ್ತಿನಲ್ಲಿ ಕೊಯ್ಯಿರಿ.

ಇದರ ಕಾಂಡ ಒಣಗಿದರೆ ಹೂವಿನ ಭಾರ ಹೊರಲಾರದು. ಆದ್ದರಿಂದ ಹಸಿಯಿರುವಾಗಲೇ ಕಾಂಡವನ್ನು ಒಂದು ಸೆಂ.ಮೀ. ಬಿಟ್ಟು ಕತ್ತರಿಸಿ, ಹೂ ಕಟ್ಟುವವರ ಸಣ್ಣ ತಂತಿಯನ್ನು ಕೆಳಗಿನಿಂದ ಹೂವಿನೊಳಕ್ಕೆ, ಮೇಲೆ ಕಾಣಿಸದಷ್ಟು ಚುಚ್ಚಿ. ಹೂ ಒಣಗಿ ಕುಗ್ಗುತ್ತ ತಂತಿಯನ್ನು ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಒಣಗಿದ ಮೇಲೆ ಚುಚ್ಚಲು ಹೋದರೆ ಪುಡಿಯಾಗುತ್ತದೆ. ರೋಡಾಂತೆಯನ್ನು ಹತ್ತಿಪ್ಪತ್ತು ಕಡ್ಡಿಗಳ ಸಣ್ಣ ಕಟ್ಟು ಮಾಡಿ ರಬ್ಬರ್ ಬ್ಯಾಂಡ್ ಹಾಕಿ ತಲೆಕೆಳಗಾಗಿ ತೂಗುಹಾಕಿ. ದಾರ ಕಟ್ಟಿದರೆ ಕಡ್ಡಿ ಕುಗ್ಗಿದಾಗ ಸಡಿಲವಾಗಿ ಜಾರುತ್ತದೆ. ಕತ್ತಲೆಯ, ಗಾಳಿಯಾಡುವ ಗ್ಯಾರೇಜಿನಲ್ಲಿ ಎರಡು ಮೂರು ವಾರ ಬೇಕು. ಬಿಸಿಲಲ್ಲಿಟ್ಟರೆ ಗುಲಾಬಿ ಬಣ್ಣ ಮಾಸುತ್ತದೆ.

ಬೀಜ ಒಯ್ಯುವ ಮುನ್ನ

ದಾರಿಬದಿಯ ಕಾಡುಹೂವಿನಿಂದ ಬೀಜ ಆಯುವಂತಿಲ್ಲ. ಪಶ್ಚಿಮ ಆಸ್ಟ್ರೇಲಿಯದಲ್ಲಿ ನೇಟಿವ್ ಸಸ್ಯಗಳೆಲ್ಲ ಕಾನೂನಿನ ರಕ್ಷಣೆಯಲ್ಲಿವೆ, ಸರ್ಕಾರಿ ನೆಲದಲ್ಲಿ ಹೂ ಕೀಳುವುದಕ್ಕೂ ಪರವಾನಗಿ ಬೇಕು. ಬೆಂಗಳೂರಿಂದ ಬರುವವರ ಪೆಟ್ಟಿಗೆಯಲ್ಲಿ ಸೇವಂತಿಗೆ, ಚೆಂಡುಹೂವಿನ ಬೀಜದ ಪೊಟ್ಟಣವಿದ್ದರೆ ಆಸ್ಟ್ರೇಲಿಯದಲ್ಲಿ ಇಳಿಯುವಾಗ ತಪ್ಪದೆ ಘೋಷಿಸಬೇಕು, ಮುಚ್ಚಿಟ್ಟರೆ ದಂಡ. ಊರಿಗೆ ಒಯ್ಯುವುದಕ್ಕೂ ಭಾರತದ ಆಮದು ಪರವಾನಗಿ ಮತ್ತು ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು.

ಹಾಗೆ ಒಯ್ಯುವ ಅಗತ್ಯವೂ ಇಲ್ಲ. ಜೆರೋಕ್ರೈಸಮ್ ಬೀಜ ಕರ್ನಾಟಕದ ಬೀಜದಂಗಡಿಗಳಲ್ಲಿ 'ಹೆಲಿಕ್ರೈಸಮ್' ಎಂಬ ಹಳೆಯ ಹೆಸರಿನಲ್ಲಿ ಚಳಿಗಾಲದ ಹೂವಾಗಿ ಸಿಗುತ್ತದೆ. ಬೆಂಗಳೂರು, ಮೈಸೂರುಗಳಲ್ಲಿ ಸೆಪ್ಟೆಂಬರ್ ಕೊನೆ, ಅಕ್ಟೋಬರ್‌ನಲ್ಲಿ ಟ್ರೇಗೆ ಬಿತ್ತಿ, ನಾಲ್ಕೈದು ಎಲೆ ಬಂದಾಗ 30 ಸೆಂ.ಮೀ. ಅಂತರದಲ್ಲಿ ನೆಟ್ಟರೆ ಜನವರಿಯ ಲಾಲ್‌ಬಾಗ್ ಪ್ರದರ್ಶನದ ಹೊತ್ತಿನಿಂದ ಹೂ. ಅಲ್ಲಿ ಅದನ್ನು ಒಂದೇ ಋತುವಿನ ಗಿಡವೆಂದು ತಿಳಿಯಿರಿ. ಏಪ್ರಿಲ್ ಸೆಕೆಗೆ ಸೊರಗುತ್ತದೆ, ಮುಂಗಾರಿಗೆ ಕೊಳೆಯುತ್ತದೆ. ಕರಾವಳಿಯ ತೇವದಲ್ಲಿ ಹೂ ಬಿಟ್ಟರೂ ಅರ್ಧ ದಿನ ಮುಚ್ಚಿಕೊಂಡೇ ಇರುತ್ತದೆ.